ಮೊದಲು ದೀಪ ಮಿನುಗಲಿ, ಆಮೇಲೆ ರೋಬೋ!

ಮೊದಲ ದೋಸೆಯನ್ನು ಯಾವ ಮನೆಯಲ್ಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾವಲಿ ಕಾದಿದೆಯೇ, ಹಿಟ್ಟು ಹದವಾಗಿದೆಯೇ ಎಂದು ನೋಡುವುದಕ್ಕಷ್ಟೇ ಅದು. ಕಂಪ್ಯೂಟರ್ ಲೋಕದಲ್ಲೂ ಇಂಥದೊಂದು ಮೊದಲ ದೋಸೆ ಇದೆ. ಅದೇ ಮಾದರಿ ಪ್ರೋಗ್ರಾಂ.

ಹೊಸ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವರಿಗಾಗಿ ಅದನ್ನು ತಯಾರಿಸಿದವರೇ ಒಂದು ಸಲಕರಣೆ ಪೆಟ್ಟಿಗೆ ಕೊಡುತ್ತಾರೆ. ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಕಿಟ್ ಎಂದು ಅದರ ಹೆಸರು, ಚಿಕ್ಕದಾಗಿ ಎಸ್‌ಡಿಕೆ. ಬಡಗಿಯ ಪೆಟ್ಟಿಗೆಯಲ್ಲಿ ಉಳಿ, ಸುತ್ತಿಗೆ ಇರುವಂತೆ ಅದರಲ್ಲಿ ಪ್ರೋಗ್ರಾಂ ಕಟ್ಟುವ ಸಾಧನಗಳಿರುತ್ತವೆ. ಜೊತೆಗೆ ಬರೆದು ಮುಗಿಸಿದ ಕೆಲವು ಮಾದರಿಗಳೂ ಇರುತ್ತವೆ. ಮಕ್ಕಳು ಅವಸರದಲ್ಲಿ ಬಿಟ್ಟು ಮುಂದೆ ಹೋಗುವುದು ಇವನ್ನೇ. ರೋಬೋ ಮಾಡಬೇಕೆಂದು ಹಠ ಹಿಡಿದು ಬೋರ್ಡು ತರಿಸುತ್ತಾರೆ, ಮೊದಲ ದಿನವೇ ಉದ್ದದ ಪ್ರೋಗ್ರಾಂ ತುಂಬುತ್ತಾರೆ. ಏನೂ ಅಲುಗಾಡುವುದಿಲ್ಲ. ತಪ್ಪು ಬರೆದದ್ದರಲ್ಲೋ ಕೇಬಲ್ಲಿನಲ್ಲೋ ತಿಳಿಯದೆ, ವಾರದೊಳಗೆ ಪೆಟ್ಟಿಗೆ ಅಟ್ಟ ಸೇರುತ್ತದೆ.

ಆರ್ಡುಯಿನೋ ಊನೋ ಎಂಬ ಬೋರ್ಡನ್ನೇ ನೋಡೋಣ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನ ವಿನ್ಯಾಸ ಶಾಲೆಯೊಂದರಲ್ಲಿ ಮಾಸ್ಸಿಮೊ ಬಾಂಜಿ ಮತ್ತು ಸಂಗಡಿಗರು ಆರ್ಡುಯಿನೋ ಶುರುಮಾಡಿದರು. ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೂ ಕೈಗೆಟುಕಬೇಕು ಎಂಬುದು ಅವರ ಆಸೆ. ಅವರು ಸೇರುತ್ತಿದ್ದ ಪಾನಗೃಹದ ಹೆಸರನ್ನೇ ಬೋರ್ಡಿಗೂ ಇಟ್ಟರು. ಆ ಪಾನಗೃಹಕ್ಕೆ ಆ ಹೆಸರು ಬಂದದ್ದು ಸಾವಿರ ವರ್ಷದ ಹಿಂದಿನ ಒಬ್ಬ ರಾಜನಿಂದ! ‘ಊನೋ’ ಎಂದರೆ ಇಟಾಲಿಯನ್ ಭಾಷೆಯಲ್ಲಿ ಒಂದು.

ಆರ್ಡುಯಿನೋ ತಂತ್ರಾಂಶ ಉಚಿತ. ಅದನ್ನು ತೆರೆದು ‘ಫೈಲ್’ ಒತ್ತಿ, ‘ಎಕ್ಸಾಂಪಲ್ಸ್’ಗೆ ಹೋಗಿ, ‘ಬೇಸಿಕ್ಸ್’ ಪಟ್ಟಿಯಲ್ಲಿ ‘ಬ್ಲಿಂಕ್’ ಆರಿಸಿ. ವಿವರಣೆಯ ಸಾಲುಗಳನ್ನು ಬಿಟ್ಟರೆ ಹತ್ತು ಸಾಲೂ ಇಲ್ಲದ ಪ್ರೋಗ್ರಾಂ ಇದು. ‘ಸೆಟಪ್’ ಎಂಬ ಭಾಗ ಒಮ್ಮೆ ಮಾತ್ರ ನಡೆಯುತ್ತದೆ. ‘ಲೂಪ್’ ಎಂಬುದು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ: ದೀಪ ಹಚ್ಚು, ಕಾಯಿ, ದೀಪ ಆರಿಸು, ಕಾಯಿ.

‘ಟೂಲ್ಸ್’ ಪಟ್ಟಿಯಲ್ಲಿ ಬೋರ್ಡಿನ ಹೆಸರು ಮತ್ತು ಅದು ಸೇರಿರುವ ಪೋರ್ಟ್ ಆರಿಸಬೇಕು. ಮೇಲಿನ ‘ಸರಿ’ ಗುರುತಿನ ಗುಂಡಿ ಒತ್ತಿದರೆ, ನಾವು ಓದಬಹುದಾದ ಸಾಲುಗಳು ಚಿಪ್ಪಿಗೆ ಅರ್ಥವಾಗುವ ಸೊನ್ನೆ–ಒಂದುಗಳ ಭಾಷೆಗೆ ಬದಲಾಗುತ್ತವೆ. ಇದನ್ನೇ ಕಂಪೈಲ್ ಮಾಡುವುದು ಎನ್ನುತ್ತಾರೆ. ಬಾಣದ ಗುಂಡಿ ಒತ್ತಿದರೆ ಅದು ಕೇಬಲ್ ಹಾದು ಬೋರ್ಡಿಗೆ ಇಳಿಯುತ್ತದೆ. ‘ಎಲ್’ ಎಂದು ಬರೆದ ಪುಟ್ಟ ದೀಪ ಒಂದು ಸೆಕೆಂಡು ಹತ್ತಿ ಒಂದು ಸೆಕೆಂಡು ಆರತೊಡಗುತ್ತದೆ.

ಇಲ್ಲೊಂದು ಗುಟ್ಟು ಇದೆ, ಮಕ್ಕಳೇ. ಎಷ್ಟೋ ಹೊಸ ಬೋರ್ಡುಗಳಲ್ಲಿ ಬ್ಲಿಂಕ್ ಮೊದಲೇ ತುಂಬಿರುತ್ತದೆ. ಬರೀ ವಿದ್ಯುತ್ ಕೊಟ್ಟರೂ ದೀಪ ಮಿನುಗುತ್ತದೆ. ಹಾಗಾದರೆ ಇಳಿದದ್ದು ನಿಮ್ಮ ಪ್ರೋಗ್ರಾಮೇ ಎಂದು ಹೇಗೆ ಗೊತ್ತು? ‘ಡಿಲೇ’ ಎಂಬ ಎರಡು ಸಾಲುಗಳಲ್ಲಿ 1000 ಎಂದಿದೆ. ಅದು ಮಿಲಿಸೆಕೆಂಡುಗಳ ಲೆಕ್ಕ. ಎರಡನ್ನೂ 100 ಮಾಡಿ ಮತ್ತೆ ಬಾಣ ಒತ್ತಿ. ದೀಪ ಹತ್ತು ಪಟ್ಟು ಬಿರುಸಾದರೆ ಕೇಬಲ್, ಪೋರ್ಟ್, ಕಂಪೈಲರ್, ಬೋರ್ಡು ಎಲ್ಲವೂ ನೆಟ್ಟಗಿವೆ. ನಾಳೆ ನಿಮ್ಮ ಸ್ವಂತ ಪ್ರೋಗ್ರಾಂ ಕೆಟ್ಟರೆ ಹುಡುಕಬೇಕಾದ ಜಾಗ ಅಷ್ಟು ಚಿಕ್ಕದಾಯಿತಲ್ಲ!

ಈಗ 5 ಹಾಕಿ. ದೀಪ ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ, ಆದರೆ ನಮ್ಮ ಕಣ್ಣಿಗೆ ಅದು ಒಂದೇ ಸಮನೆ ಉರಿದಂತೆ, ಸ್ವಲ್ಪ ಮಂಕಾಗಿ ಕಾಣುತ್ತದೆ. ಕೋಣೆ ಕತ್ತಲು ಮಾಡಿ, ಕೇಬಲ್ ಕಳಚದಂತೆ ಬೋರ್ಡನ್ನು ಅತ್ತಿತ್ತ ಬೀಸಿ ನೋಡಿ. ಬೆಳಕಿನ ಗೆರೆ ತುಂಡು ತುಂಡಾಗಿ ಕಾಣುತ್ತದೆ. ನನಗಂತೂ ಇಡೀ ಬ್ಲಿಂಕ್‌ನಲ್ಲಿ ಇದೇ ಅತಿ ಇಷ್ಟದ ಪ್ರಯೋಗ.

ಬೇಕೆಂದೇ ಒಂದು ತಪ್ಪನ್ನೂ ಮಾಡಿ. ಸಾಲಿನ ಕೊನೆಯ ಅರ್ಧವಿರಾಮ ಅಳಿಸಿ ‘ಸರಿ’ ಗುರುತು ಒತ್ತಿದರೆ ಕೆಳಗೆ ಇಂಗ್ಲಿಷಿನಲ್ಲಿ ದೂರು ಬರುತ್ತದೆ. ಇಲ್ಲಿ ಅಜ್ಜ–ಅಜ್ಜಿಯರು ಪಕ್ಕದಲ್ಲಿರಬೇಕು. ಮೊಮ್ಮಗಳ ಬೆರಳು ಚುರುಕು, ನಿಜ. ಆದರೆ ಆ ದೂರನ್ನು ಸಾವಧಾನವಾಗಿ ಪೂರ್ತಿ ಓದುವ ತಾಳ್ಮೆ ಹಿರಿಯರದು. ಒಂದು ಮಾತು ನೆನಪಿರಲಿ: ಕಂಪೈಲರ್ ಕೆಲವೊಮ್ಮೆ ಬೆರಳು ತೋರಿಸುವುದು ಮುಂದಿನ ಸಾಲಿಗೆ, ತಪ್ಪು ಇರುವುದು ಹಿಂದಿನ ಸಾಲಿನಲ್ಲಿ.

ಪೋರ್ಟ್ ಪಟ್ಟಿಯಲ್ಲಿ ಬೋರ್ಡು ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಹಲವು ಊನೋ ಬೋರ್ಡುಗಳಿಗೆ ಹಿಡಿಯುವುದು ಹಳೆಯ ಪ್ರಿಂಟರುಗಳ ಚೌಕ ತುದಿಯ ಕೇಬಲ್. ಮೊಬೈಲ್ ಕೇಬಲ್ ಹಿಡಿಯುವ ಬೋರ್ಡುಗಳೂ ಇವೆ. ಅಂಥ ಕೇಬಲ್ಲುಗಳಲ್ಲಿ ಕೆಲವು ಚಾರ್ಜಿಗೆ ಮಾತ್ರ. ಮಾಹಿತಿ ಒಯ್ಯುವ ತಂತಿಯೇ ಒಳಗಿರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅದರ ಗುರುತೇ ಸಿಗದು.

ಬದಲಿಸಿದ ಬ್ಲಿಂಕನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ಮೂಲ ಮಾದರಿ ಹಾಗೇ ಇರುತ್ತದೆ. ಅದೇ ಪಟ್ಟಿಯಲ್ಲಿ ಮುಂದೆ ‘ಫೇಡ್’ ಇದೆ. ಅದರಲ್ಲಿ ದೀಪ ಮೆಲ್ಲಗೆ ಬೆಳಗಿ ಮೆಲ್ಲಗೆ ಮಂಕಾಗುತ್ತದೆ. ಅದಕ್ಕೆ 9ನೇ ಪಿನ್ನಿಗೆ ಹೊರಗಿನಿಂದ ಒಂದು ಎಲ್‌ಇಡಿ, ಜೊತೆಗೆ 220 ಓಮ್‌ನ ರೆಸಿಸ್ಟರ್ ಬೇಕು. ಎಲ್‌ಇಡಿಯ ಉದ್ದದ ಕಾಲು ಪಿನ್ನಿನ ಕಡೆಗೆ, ಗಿಡ್ಡ ಕಾಲು ‘ಜಿಎನ್‌ಡಿ’ ಎಂದು ಬರೆದ ಕಡೆಗೆ.