‘ಕನ್ನಡ’ ಅಂತ ಟೈಪ್ ಮಾಡಿದರೆ ‘ಕನ್‌ನಡ’ ಯಾಕೆ ಬರುತ್ತೆ?

ನಮ್ಮ ಬಳಗದಲ್ಲಿ ಪೋಸ್ಟರ್ ಮಾಡೋದೇ ಒಂದು ಪುಟ್ಟ ರಾಜಕಾರಣ. ಇಂಗ್ಲಿಷ್ ಸಾಲುಗಳು ಚೆಂದದ ಅಕ್ಷರಗಳಲ್ಲಿ ಮೊದಲೇ ಜಾಗ ಹಿಡಿದು ಕೂತಿರುತ್ತವೆ. ಕನ್ನಡದ ಸಾಲು ಕೊನೆಯಲ್ಲಿ, ಉಳಿದ ಜಾಗದಲ್ಲಿ, ಸಿಕ್ಕ ಫಾಂಟಿನಲ್ಲಿ ಬರುತ್ತೆ. ಅದರಲ್ಲೂ ಒತ್ತಕ್ಷರ ಒಡೆದುಹೋಗಿರುತ್ತೆ. ನೋಡಿ ನೋಡಿ ಸಾಕಾಗಿ, ಕೆಲವು ವಾರಗಳಿಂದ ನಾನೇ ವೆಕ್ಟರ್ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕಲೀತಿದ್ದೀನಿ. ಇರೋದು ಚಾಮರಾಜಪೇಟೆಯಲ್ಲಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇಲ್ಲೇ ಇದೆ, ನಡೆದು ಹೋಗುವಷ್ಟು ದೂರದಲ್ಲಿ ಕಾಟನ್‌ಪೇಟೆ, ಸುಲ್ತಾನ್‌ಪೇಟೆಯ ಕಾಗದದ ಅಂಗಡಿಗಳು, ಪ್ರಿಂಟಿಂಗ್ ಪ್ರೆಸ್‌ಗಳಿವೆ. ಅಕ್ಷರ ಕಲಿಯೋಕೆ ಇದಕ್ಕಿಂತ ಒಳ್ಳೇ ಏರಿಯಾ ಸಿಗಲಿಕ್ಕಿಲ್ಲ.

ಮೊದಲು ವೆಕ್ಟರ್ ಅಂದರೇನು ಅಂತ ನೋಡೋಣ. ಫೋನಿನ ಫೋಟೋವನ್ನು ದೊಡ್ಡದು ಮಾಡುತ್ತಾ ಹೋದರೆ ಚೌಕ ಚೌಕದ ಚುಕ್ಕಿಗಳು ಕಾಣಿಸುತ್ತವೆ. ವೆಕ್ಟರ್ ಚಿತ್ರದಲ್ಲಿ ಚುಕ್ಕಿಗಳೇ ಇಲ್ಲ, ಸೂಚನೆಗಳಿವೆ: ಇಲ್ಲಿಂದ ಹೊರಡು, ಅಲ್ಲಿಗೆ ಹೋಗು, ಹೋಗುವಾಗ ಇಷ್ಟು ಬಾಗು. ಹಾಗಾಗಿ ಅದೇ ಫೈಲು ಬ್ಯಾಡ್ಜಿಗೂ ಆಗುತ್ತೆ, ರಸ್ತೆಗೆ ಅಡ್ಡ ಕಟ್ಟುವ ಬ್ಯಾನರಿಗೂ ಆಗುತ್ತೆ. ಈ ‘ಬಾಗು’ ಅನ್ನೋದರ ಹಿಂದಿನ ಗಣಿತ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರನ್ ಕಂಪನಿಯ ಪಾಲ್ ದ ಕಾಸ್ಟೆಲ್‌ಜೋ 1959ರಲ್ಲಿ ಇದನ್ನು ಕಂಡುಕೊಂಡರು. ಆದರೆ ಕಂಪನಿ ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಪಿಯರ್ ಬೆಝಿಯೆ ಸ್ವತಂತ್ರವಾಗಿ ಕೆಲಸ ಮಾಡಿ ಪ್ರಕಟಿಸಿದರು, ಹೆಸರು ಅವರದೇ ಉಳಿಯಿತು. ಕಾರಿನ ಬಾನೆಟ್ಟಿನ ಬಾಗು, ನಮ್ಮ ‘ರ’ಕಾರದ ಬಾಗು, ಎರಡಕ್ಕೂ ಒಂದೇ ಸೂತ್ರ.

ಬೆಝಿಯೆ ರೇಖೆಯ ಒಂದು ತುಂಡಿಗೆ ನಾಲ್ಕು ಬಿಂದು. ಎರಡು ತುದಿಯವು, ಇನ್ನೆರಡು ಹಿಡಿಕೆಗಳು. ರೇಖೆ ಹಿಡಿಕೆಗಳನ್ನು ಮುಟ್ಟಲ್ಲ, ಅವುಗಳ ಕಡೆಗೆ ವಾಲುತ್ತೆ ಅಷ್ಟೇ. ಪೆನ್ ಟೂಲ್ ಹಿಡಿದ ಮೊದಲ ದಿನ ಎಲ್ಲರಿಗೂ ಸಿಟ್ಟು ಬರೋದು ಇಲ್ಲೇ. ಪೆನ್ಸಿಲ್ ಹಿಡಿದ ಕೈ ರೇಖೆಯ ಉದ್ದಕ್ಕೂ ಓಡಬೇಕು ಅನ್ನುತ್ತೆ, ಪೆನ್ ಟೂಲ್ ಮಾತ್ರ ತಿರುವಿನ ಜಾಗಗಳನ್ನಷ್ಟೇ ಕೇಳುತ್ತೆ.

ಟ್ಯುಟೋರಿಯಲ್‌ಗಳು ಸೇಬು, ಹಕ್ಕಿ, ಕಾಫಿ ಕಪ್ಪಿನಿಂದ ಶುರು ಮಾಡಿಸುತ್ತವೆ. ನನ್ನ ಸಲಹೆ, ಸೊನ್ನೆಯಿಂದ ಶುರು ಮಾಡಿ. ಅಂದರೆ ಅನುಸ್ವಾರ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು, ಒಟ್ಟು ನಾಲ್ಕೇ ಬಿಂದುಗಳಲ್ಲಿ ವೃತ್ತ ಬರಬೇಕು. ಆಮೇಲೆ ‘ರ’. ಆಮೇಲೆ ‘ಠ’. (ಇಂಟರ್ನೆಟ್ಟಿನಲ್ಲಿ ಕನ್ನಡದ ಒಂದಕ್ಷರವೂ ಗೊತ್ತಿಲ್ಲದವರು ಗುರಾಯಿಸುವ ಮುಖಕ್ಕೆ ಬಳಸುವ ಅದೇ ‘ಠ_ಠ’.) ನಮ್ಮ ಲಿಪಿ ಬಹುಪಾಲು ದುಂಡು, ಮೇಲೊಂದು ತಲೆಕಟ್ಟು. ಬೆಝಿಯೆ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಬಿಂದುಗಳು ಕಡಿಮೆಯಾದಷ್ಟೂ ಬಾಗು ನಯವಾಗುತ್ತೆ.

ಇನ್ನೊಂದು ಅಭ್ಯಾಸಕ್ಕೆ ಮನೆ ಬಿಟ್ಟು ಹೊರಡಬೇಕು. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಕೈಯಲ್ಲಿ ಬರೆದ ಹಳೇ ಬೋರ್ಡು ಕಣ್ಣಿಗೆ ಬಿದ್ದರೆ ನೇರ ಎದುರು ನಿಂತು ಫೋಟೋ ತೆಗೆಯಿರಿ. ಅದನ್ನು ಸಾಫ್ಟ್‌ವೇರಿಗೆ ಹಾಕಿ, ಮಸುಕು ಮಾಡಿ, ಆ ಲೇಯರಿಗೆ ಬೀಗ ಹಾಕಿ, ಮೇಲಿನ ಲೇಯರಿನಲ್ಲಿ ಒಂದೊಂದೇ ಅಕ್ಷರ ತಿದ್ದಿ. ‘ಟ್ರೇಸ್ ಬಿಟ್‌ಮ್ಯಾಪ್’ ಒತ್ತಿದರೆ ಅದೇ ಮಾಡಿಕೊಡುತ್ತೆ ನಿಜ, ಆದರೆ ರಾಶಿ ಬಿಂದುಗಳನ್ನು ಸುರಿದು ಕೊಡುತ್ತೆ. ಕೈಯಲ್ಲಿ ತಿದ್ದುವಾಗ ಮಾತ್ರ ಆ ಪೇಂಟರ್ ಕುಂಚ ಎಲ್ಲಿ ಅಗಲ ಮಾಡಿದ, ಎಲ್ಲಿ ಎತ್ತಿದ ಅನ್ನೋದು ತಿಳಿಯುತ್ತೆ.

ಈಗ ಒತ್ತಕ್ಷರದ ವಿಷಯ. ಯೂನಿಕೋಡಿನಲ್ಲಿ ‘ಕನ್ನಡ’ ಅನ್ನೋ ಪದ ಐದು ಸಂಕೇತಗಳ ಸಾಲು: ಕ, ನ, ವಿರಾಮ ಚಿಹ್ನೆ, ನ, ಡ. ಎರಡನೇ ‘ನ’ ಕೆಳಗೆ ಒತ್ತಾಗಿ ಕೂರಬೇಕು ಅಂತ ಆ ಸಾಲಿನಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ನಿರ್ಧರಿಸುವುದು ಫಾಂಟಿನೊಳಗಿನ ನಿಯಮಗಳನ್ನು ಓದಿ ಅಕ್ಷರ ಜೋಡಿಸುವ ಇನ್ನೊಂದು ತಂತ್ರಾಂಶ. ಅದು ಇಲ್ಲದಿದ್ದರೆ, ಅಥವಾ ಆನ್ ಆಗಿರದಿದ್ದರೆ, ಬರೋದು ‘ಕನ್‌ನಡ’. ತಪ್ಪು ಟೈಪ್ ಮಾಡಿದವರದ್ದಲ್ಲ. ಇಂಕ್‌ಸ್ಕೇಪ್ ಈ ಕೆಲಸಕ್ಕೆ ಪ್ಯಾಂಗೋ ಮತ್ತು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶಗಳನ್ನು ಬಳಸುತ್ತೆ, ಹಾಗಾಗಿ ಕನ್ನಡ ತಾನಾಗಿ ಕೂಡಿಕೊಳ್ಳುತ್ತೆ. ಇಲ್ಲಸ್ಟ್ರೇಟರಿನಲ್ಲಿ ಒಡೆದು ಕಂಡರೆ, ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ ಆನ್ ಮಾಡಿ, ಪ್ಯಾರಾಗ್ರಾಫ್ ಮೆನುವಿನಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಿಕೊಳ್ಳಬೇಕು.

ಈ ತೊಂದರೆಗೆ ಜನ ಕಂಡುಕೊಂಡ ಒಳದಾರಿಗಳೂ ಇವೆ. ಅರ್ಕಾವತ್ತು ಸರಿಯಾಗಿ ಬರದಿದ್ದಾಗ ಕನ್ನಡದ ಒಂಬತ್ತನ್ನು ತಂದು ‘ಕನಾ೯ಟಕ’ ಅಂತ ಬರೆಯೋದು ನೀವೂ ನೋಡಿರುತ್ತೀರಿ. ಕಣ್ಣಿಗೆ ಸರಿ ಕಾಣುತ್ತೆ. ಆದರೆ ಸರ್ಚ್ ಮಾಡಿದರೆ ಸಿಗಲ್ಲ, ಅಂಧರ ಸ್ಕ್ರೀನ್ ರೀಡರ್ ಅದನ್ನು ‘ಕರ್ನಾಟಕ’ ಅಂತ ಓದಲು ಆಗಲ್ಲ. ಹಳೇ ಡಿಟಿಪಿ ಫಾಂಟುಗಳದ್ದೂ ಇದೇ ಕಥೆ: ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು, ಆದರೂ ಈ ಫೈಲುಗಳು ಇವತ್ತಿಗೂ ಓಡಾಡುತ್ತಿವೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿ, ನಾಮಫಲಕದ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಅನ್ನುತ್ತೆ. ನನ್ನ ಪ್ರಕಾರ ಬೇಕಾದ ಕಾಯ್ದೆಯೇ. ಆದರೆ ಅದು ಅಳೆಯೋದು ಜಾಗವನ್ನು. ಶೇ. 60 ಜಾಗದಲ್ಲಿ ಒಡೆದ ಒತ್ತಕ್ಷರ ಕೂತರೂ ಟೇಪು ಹಿಡಿದು ಬಂದವರಿಗೆ ಲೆಕ್ಕ ಸರಿ. ಅವಸರದಲ್ಲಿ ಬೋರ್ಡು ಬದಲಿಸುವ ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ, ಅಕ್ಷರ ಜೋಡಿಸಬಲ್ಲ ಕೈಗಳು ಬೀದಿಗೆ ಎಷ್ಟಿವೆ ಅನ್ನೋದು ಪ್ರಶ್ನೆ.

ಆ ಕೈಗಳಿಗೆ ಉಪಕರಣ ಯಾರು ಕೊಡುತ್ತಾರೆ? 1987ರಲ್ಲಿ ಬಂದ ಇಲ್ಲಸ್ಟ್ರೇಟರನ್ನು ಒಮ್ಮೆ ಕೊಂಡರೆ ನಿಮ್ಮದಾಗುತ್ತಿತ್ತು. 2013ರಿಂದ ಅಡೋಬಿ ಚಂದಾ ಪದ್ಧತಿಗೆ ಹೋಯಿತು, ಈಗ ಹೊಸ ಆವೃತ್ತಿ ಬೇಕೆಂದರೆ ಬಾಡಿಗೆ ಕಟ್ಟುತ್ತಲೇ ಇರಬೇಕು. ಕೆಲಸ ಹುಡುಕುತ್ತಿರುವ ಹುಡುಗಿಗೆ, ಸಂಘಟನೆಯ ಕಾರ್ಯಕರ್ತನಿಗೆ ಅದು ಸಣ್ಣ ಮೊತ್ತ ಅಲ್ಲ. 2003ರಲ್ಲಿ ಶುರುವಾದ ಇಂಕ್‌ಸ್ಕೇಪ್ ಉಚಿತ, ಮುಕ್ತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ. ಅದು ಉಳಿಸುವ ಎಸ್‌ವಿಜಿ ಯಾವ ಕಂಪನಿಯದ್ದೂ ಅಲ್ಲ, ಎಲ್ಲರಿಗೂ ತೆರೆದಿರುವ ಮಾನದಂಡ. ಮುಕ್ತ ಕನ್ನಡ ಫಾಂಟುಗಳಿಗೂ ಈಗ ಬರ ಇಲ್ಲ: ಗುಬ್ಬಿ, ನವಿಲು, ನೋಟೋ, ಅನೇಕ್, ಬಲೂ ತಮ್ಮ, ಅಕಾಯ ಕನ್ನಡಕ. ಇಂಕ್‌ಸ್ಕೇಪಿನಲ್ಲಿ ಕೊರತೆಯೂ ಇದೆ. ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕದಲ್ಲಿ ಅದು ತುಂಬಾ ಕಾಲದಿಂದ ಹಿಂದೆ ಬಿದ್ದಿದೆ, ಪರದೆಯ ಮೇಲೆ ಹೊಳೆಯುವ ಕೆಂಪು ಕಾಗದದ ಮೇಲೆ ಮಂಕಾಗಬಹುದು. ಕಪ್ಪು ಮತ್ತು ಒಂದೇ ಬಣ್ಣದಲ್ಲಿ ಪೋಸ್ಟರ್ ಮಾಡಿದರೆ ಈ ತಲೆನೋವು ಕಡಿಮೆ, ಖರ್ಚೂ ಕಡಿಮೆ.

ಪ್ರೆಸ್ಸಿಗೆ ಕೊಡುವ ಮುಂಚೆ ಒಂದು ಕೆಲಸ ಬಾಕಿ. ಅಲ್ಲಿ ನಿಮ್ಮ ಫಾಂಟ್ ಇರಲ್ಲ, ಹಾಗಾಗಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿ ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ ಪಿಡಿಎಫ್ ಮಾಡಿ. ಆಮೇಲೆ ಒತ್ತು ಎಲ್ಲೂ ಕದಲಲ್ಲ. ಆದರೆ ಅದು ಪಠ್ಯವಾಗಿ ಉಳಿಯಲ್ಲ, ಒಂದಕ್ಷರ ತಿದ್ದಬೇಕೆಂದರೂ ಆಗಲ್ಲ. ಬದಲಿಸುವ ಮುಂಚಿನ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಡಿ. ವಾಟ್ಸಾಪಿನಲ್ಲಿ ಹಂಚುವಾಗ ಪೋಸ್ಟರಿನ ಜೊತೆ ಅದರ ಮಾತುಗಳನ್ನು ಟೈಪ್ ಮಾಡಿಯೂ ಹಾಕಿ, ಚಿತ್ರದೊಳಗಿನ ಅಕ್ಷರ ಸ್ಕ್ರೀನ್ ರೀಡರಿಗೆ ಸಿಗಲ್ಲ. ಪ್ರೆಸ್ಸಿನವರು ಕೊಡುವ ಮೊದಲ ಪ್ರತಿಯಲ್ಲಿ ಅರ್ಕಾವತ್ತುಗಳನ್ನು ಬೆರಳಿಟ್ಟು ನೋಡಿಯೇ ಉಳಿದದ್ದಕ್ಕೆ ಒಪ್ಪಿಗೆ ಕೊಡಿ.