ಮೂತಿ ಮುದುಡಲಿ, ಗೂಡು ಉಳಿಯಲಿ

ಕಾರು ಕೊಳ್ಳಲು ಷೋರೂಮಿಗೆ ಬಂದವರಲ್ಲಿ ಅನೇಕರು ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ಅದರ ಸದ್ದಿಗೆ ಕಿವಿಗೊಡುತ್ತಾರೆ, ಬಾನೆಟ್ಟಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿಯೂ ನೋಡುತ್ತಾರೆ. ಸದ್ದು ದಪ್ಪಗಿದ್ದು ತಗಡು ತಗ್ಗದೆ ನಿಂತರೆ ಗಾಡಿ ಗಟ್ಟಿಮುಟ್ಟಾಗಿದೆಯೆಂದೂ, ಆದ್ದರಿಂದ ಒಳಗಿನವರಿಗೆ ಅಪಾಯವಿಲ್ಲವೆಂದೂ ತೀರ್ಮಾನವಾಗಿಬಿಡುತ್ತದೆ. ಅಂಬಾಸಿಡರ್ ಕಾಲದ ಕಾರು ಗುದ್ದಿದರೆ ಎದುರಿಗಿದ್ದದ್ದೇ ಜಖಂ ಆಗುತ್ತಿತ್ತು, ಈಗಿನವು ಮುಟ್ಟಿದರೆ ಮುದುಡುತ್ತವೆ ಎಂಬ ಹಳಹಳಿಕೆಯೂ ಇದೇ ನಂಬಿಕೆಯ ಕವಲು. ತಗಡಿನ ದಪ್ಪಕ್ಕೂ ಪ್ರಯಾಣಿಕರ ಪ್ರಾಣಕ್ಕೂ ಇರುವ ಸಂಬಂಧ ಅತ್ಯಲ್ಪ ಎಂಬುದು ಎಂಜಿನಿಯರುಗಳಿಗೆ ಏಳು ದಶಕಗಳಿಂದ ಗೊತ್ತಿದ್ದರೂ, ಜನಸಾಮಾನ್ಯರ ಕಣ್ಣಿಗೆ ಅದನ್ನು ಕಾಣಿಸಿದ ಕೀರ್ತಿ ಕಾರು ತಯಾರಕರ ಹಿಡಿತದಿಂದ ಹೊರಗಿದ್ದು ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿದ ಸ್ವತಂತ್ರ ಸಂಸ್ಥೆಗಳಿಗೆ ಸಲ್ಲಬೇಕು.

ಅಂಥ ಪರೀಕ್ಷೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 2009ರಲ್ಲಿ ಅಮೆರಿಕದಲ್ಲಿ ನಡೆಯಿತು. ವಿಮಾ ಕಂಪನಿಗಳ ಹಣದಿಂದ ನಡೆಯುವ, ಗಾಯಾಳುಗಳ ಸಂಖ್ಯೆ ಇಳಿದಷ್ಟೂ ತನ್ನ ಪೋಷಕರಿಗೆ ಲಾಭವಾಗುವುದರಿಂದ ತಯಾರಕರ ಮುಲಾಜಿಗೆ ಬೀಳಬೇಕಿಲ್ಲದ ‘ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ’ ಎಂಬ ಸಂಸ್ಥೆ ತನ್ನ ಐವತ್ತನೆಯ ವರ್ಷದ ನೆನಪಿಗೆಂದು 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ಸುಮಾರು 64 ಕಿ.ಮೀ. ವೇಗದಲ್ಲಿ ಮುಖಾಮುಖಿ ಡಿಕ್ಕಿ ಹೊಡೆಸಿತು. ಉದ್ದನೆಯ ಮೂತಿಯ, ಕ್ರೋಮ್ ಹೊದ್ದ ಆ ಹಳೆಯ ಗಾಡಿಯೇ ಗೆಲ್ಲುವುದೆಂದು ಎಣಿಸಿದವರಿಗೆ ಕಂಡದ್ದು ಬೇರೆಯೇ ದೃಶ್ಯ: ಬೆಲ್ ಏರ್‌ನ ಮುಂಗಾಜಿನ ಪಕ್ಕದ ಕಂಬ ಮಡಚಿಕೊಂಡು, ಸ್ಟೀರಿಂಗ್ ಹಿಂದಕ್ಕೆ ನುಗ್ಗಿ, ಚಾಲಕನ ಸ್ಥಾನದಲ್ಲಿದ್ದ ಡಮ್ಮಿಗೆ ಮನುಷ್ಯನಾಗಿದ್ದರೆ ಪ್ರಾಣ ಉಳಿಯದಷ್ಟು ಪೆಟ್ಟು ಬಿದ್ದಿತ್ತು, ಮಾಲಿಬುವಿನ ಮೂತಿ ಸಂಪೂರ್ಣ ಮುದುಡಿದ್ದರೂ ಕೂರುವ ಜಾಗ ಹಾಗೆಯೇ ಉಳಿದು, ಅದರೊಳಗಿನ ಡಮ್ಮಿಗೆ ಕಾಲಿನ ಗಾಯಕ್ಕಿಂತ ಹೆಚ್ಚಿನ ಅಪಾಯ ಕಾಣಲಿಲ್ಲ. ಹಳೆಯ ಕಾರುಗಳ ಅಭಿಮಾನಿಗಳಿಗೆ ಇದು ಎಷ್ಟು ನುಂಗಲಾರದ ತುತ್ತಾಯಿತೆಂದರೆ, ಬೆಲ್ ಏರ್‌ನ ಎಂಜಿನ್ನನ್ನೇ ಮೊದಲೇ ತೆಗೆದಿದ್ದರೆಂಬ ಗುಲ್ಲು ಹಬ್ಬಿತು. ಆರು ಸಿಲಿಂಡರಿನ ಎಂಜಿನ್ ಅದರ ಜಾಗದಲ್ಲಿಯೇ ಇತ್ತೆಂದು ಸಂಸ್ಥೆ ಸ್ಪಷ್ಟೀಕರಣ ಕೊಡಬೇಕಾಯಿತು.

ಈ ಫಲಿತಾಂಶದ ಹಿಂದಿನ ಲೆಕ್ಕ ಸರಳವಾದದ್ದು. ಗಂಟೆಗೆ 64 ಕಿ.ಮೀ. ವೇಗದಲ್ಲಿ ಸಾಗುವ ದೇಹಕ್ಕೆ ಸುಮಾರು 16 ಮೀಟರ್ ಎತ್ತರದಿಂದ, ಅಂದರೆ ಐದು ಮಹಡಿಯ ಕಟ್ಟಡದ ತಾರಸಿಯಿಂದ ಬಿದ್ದಷ್ಟೇ ಚಲನಶಕ್ತಿ ಇರುತ್ತದೆ. ಬೆಲ್ಟಿನಿಂದ ಕಾರಿಗೆ ಬಿಗಿಯಾಗಿ ಕಟ್ಟಿಕೊಂಡ ದೇಹ ಕಾರಿನ ಜೊತೆಜೊತೆಗೇ 60 ಸೆಂಟಿಮೀಟರ್ ದೂರದಲ್ಲಿ ನಿಂತರೆ ಅದರ ಮೇಲೆ ಗುರುತ್ವದ ಸುಮಾರು 27 ಪಟ್ಟು ಸರಾಸರಿ ಬಲ ಬೀಳುತ್ತದೆ, ಅದನ್ನು ಸಾಮಾನ್ಯವಾಗಿ ದೇಹ ತಾಳಿಕೊಳ್ಳಬಲ್ಲದು. ಅದೇ ದೇಹ ಐದೇ ಸೆಂಟಿಮೀಟರಿನಲ್ಲಿ ನಿಲ್ಲಬೇಕಾದರೆ ಬಲ 320 ಪಟ್ಟಿಗೆ ಏರುತ್ತದೆ, ಅದನ್ನು ಎಲುಬಾಗಲಿ ಮಿದುಳಾಗಲಿ ತಾಳಲಾರವು. ಆದ್ದರಿಂದ ಮೂತಿ ಮುದುಡುವುದೆಂದರೆ ಪ್ರಯಾಣಿಕರು ನಿಲ್ಲಲು ಬೇಕಾದ ದೂರವನ್ನು ಕಾರು ತನ್ನ ಮೈಯನ್ನೇ ತೆತ್ತು ಒದಗಿಸುವುದೆಂದರ್ಥ. ಆದರೆ ಕಾರಿನ ಎಲ್ಲ ಭಾಗವೂ ಹೀಗೆ ಮುದುಡುತ್ತ ಹೋದರೆ ಕೂರುವ ಜಾಗವೇ ಉಳಿಯದಾದ್ದರಿಂದ, ಮುಂದಿನ ಹಾಗೂ ಹಿಂದಿನ ಭಾಗ ಮೆದುವಾಗಿಯೂ ನಡುವಿನ ಗೂಡು ಬಲವಾಗಿಯೂ ಇರಬೇಕು. ಡೈಮ್ಲರ್-ಬೆಂಜ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನ್ಯಿ 1950ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದದ್ದು ಈ ವಿಭಜನೆಗೇ. 1959ರಲ್ಲಿ ಅದು ಮರ್ಸಿಡಿಸ್ ಕಾರುಗಳಲ್ಲಿ ಕಾಣಿಸಿಕೊಂಡಿತು.

ಗೂಡು ನಿಜವಾಗಿಯೂ ಉಳಿಯುತ್ತದೆಯೇ ಎಂಬುದನ್ನು ತಿಳಿಯುವ ಪರೀಕ್ಷೆಯಲ್ಲಿ ಕಾರಿನ ಅಗಲದ ಶೇ. 40ರಷ್ಟು ಭಾಗ ಮಾತ್ರ, ಅದೂ ಚಾಲಕನ ಬದಿಯದು, ತಡೆಗೋಡೆಗೆ ತಾಗುವಂತೆ ಏರ್ಪಡಿಸುತ್ತಾರೆ. ಎದುರಿನಿಂದ ಬರುವ ವಾಹನಕ್ಕೆ ಗುದ್ದುವಾಗ ಎರಡೂ ಕಾರುಗಳು ಪೂರ್ತಿ ಅಗಲಕ್ಕೆ ತಾಗುವುದು ಅಪರೂಪ, ಕೊನೆಯ ಗಳಿಗೆಯಲ್ಲಿ ಯಾರಾದರೊಬ್ಬರು ಪಕ್ಕಕ್ಕೆ ಎಳೆದುಕೊಂಡಿರುತ್ತಾರೆ ಎಂಬುದು ಇದಕ್ಕೆ ಕಾರಣ. ಗೋಡೆಯ ಮುಖಕ್ಕೆ ಜೇನುಗೂಡಿನ ರಚನೆಯ ಅಲ್ಯೂಮಿನಿಯಂ ದಿಮ್ಮಿಯನ್ನು ಹೊದಿಸಿರುತ್ತಾರೆ. ಅದು ಎದುರಿನ ಕಾರಿನ ಮೂತಿಯಂತೆ ತಾನೂ ಕುಗ್ಗುತ್ತದೆ. ಡಮ್ಮಿಯ ತಲೆ, ಎದೆ, ತೊಡೆ ಮತ್ತು ಮೊಣಕಾಲುಗಳಲ್ಲಿ ಸಂವೇದಕಗಳಿರುವುದು ಹಲವರಿಗೆ ಗೊತ್ತು. ಅದರ ಮುಖಕ್ಕೂ ಮೊಣಕಾಲಿಗೂ ಬೇರೆ ಬೇರೆ ಬಣ್ಣ ಹಚ್ಚಿರುತ್ತಾರೆಂಬುದು ಅಷ್ಟಾಗಿ ಗೊತ್ತಿಲ್ಲ. ಡಿಕ್ಕಿಯ ಬಳಿಕ ಬಿಳಿಯ ಏರ್‌ಬ್ಯಾಗಿನ ನಡುವೆ ಹಣೆಯ ಬಣ್ಣದ ಅಚ್ಚು ಮೂಡಿದ್ದರೆ ಎಲ್ಲವೂ ಸರಿಯಾಗಿ ನಡೆದಿದೆಯೆಂದೂ, ಅದೇ ಬಣ್ಣ ಸ್ಟೀರಿಂಗಿನ ಅಂಚಿನ ಮೇಲೋ ಕಿಟಕಿಯ ಚೌಕಟ್ಟಿನ ಮೇಲೋ ಕಂಡರೆ ತಲೆ ಹೋಗಬಾರದ ಕಡೆ ಹೋಗಿದೆಯೆಂದೂ ಪರೀಕ್ಷಕರು ಓದಿಕೊಳ್ಳುತ್ತಾರೆ. ಆನಂತರ ಮುಂಗಾಜಿನ ಪಕ್ಕದ ಕಂಬ, ಸ್ಟೀರಿಂಗ್, ಪೆಡಲು ಇವುಗಳಲ್ಲಿ ಯಾವುದು ಎಷ್ಟು ಹಿಂದಕ್ಕೆ ಸರಿದಿದೆಯೆಂದು ಅಳೆದು, ಇಡೀ ಗೂಡು ‘ಸ್ಥಿರ’ವೋ ‘ಅಸ್ಥಿರ’ವೋ ಎಂದು ಬರೆಯುತ್ತಾರೆ. ಈ ಒಂದು ಶಬ್ದದ ತೂಕ ಎಷ್ಟೆಂಬುದನ್ನು ಭಾರತದ ಗ್ರಾಹಕರು ಅರಿತದ್ದು 2014ರಲ್ಲಿ.

ಅದಕ್ಕೂ ಮೊದಲು ಇತರ ದೇಶಗಳಲ್ಲಿ ಸುರಕ್ಷಿತ ಕಾರುಗಳಿಗಾಗಿ ನಡೆದ ಹೋರಾಟ ಬಹುದೂರ ಸಾಗಿತ್ತು. ಅಮೆರಿಕದ ವಕೀಲ ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ‘ಅನ್‌ಸೇಫ್ ಎಟ್ ಎನಿ ಸ್ಪೀಡ್’ ಎಂಬ ಪುಸ್ತಕ ಅಪಘಾತದ ಹೊಣೆಯನ್ನೆಲ್ಲ ಚಾಲಕನ ತಲೆಗೆ ಕಟ್ಟುವ ರೂಢಿಯನ್ನು ಪ್ರಶ್ನಿಸಿತು, ಮರುವರ್ಷವೇ ಅಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. ಯುರೋಪಿನಲ್ಲಿ ಕಾರುಗಳನ್ನು ಗುದ್ದಿಸಿ ಅವುಗಳ ಸುರಕ್ಷತೆಗೆ ನಕ್ಷತ್ರಗಳ ಅಂಕ ಕೊಡುವ ‘ಯುರೋ ಎನ್‌ಕ್ಯಾಪ್’ 1997ರಲ್ಲಿ ಮೊದಲ ಫಲಿತಾಂಶಗಳನ್ನು ಹೊರಗೆಡವಿದಾಗ, ಈ ಅಳತೆಗೋಲು ವಿಪರೀತ ಕಠಿಣವಾಗಿದೆ, ನಾಲ್ಕು ನಕ್ಷತ್ರ ಪಡೆಯುವ ಕಾರನ್ನು ಯಾರೂ ಮಾಡಲಾರರು ಎಂದು ತಯಾರಕರು ವಾದಿಸಿದರು. ಅದೇ ವರ್ಷ ವೋಲ್ವೊ ಎಸ್40 ನಾಲ್ಕು ನಕ್ಷತ್ರ ಪಡೆಯಿತು, 2001ರಲ್ಲಿ ರೆನೊ ಲಗೂನಾ ಐದನ್ನೂ ಪಡೆಯಿತು. ಒಂದೇ ನಕ್ಷತ್ರ ಸಿಕ್ಕಿದ್ದ ರೋವರ್ 100ರ ತಯಾರಿಕೆ 1997 ಮುಗಿಯುವುದರೊಳಗೆ ನಿಂತಿತು.

‘ಗ್ಲೋಬಲ್ ಎನ್‌ಕ್ಯಾಪ್’ ಸಂಸ್ಥೆ 2014ರ ಜನವರಿಯಲ್ಲಿ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಫಲಿತಾಂಶವನ್ನು ಪ್ರಕಟಿಸಿದಾಗ ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ ಮತ್ತು ಫೋಕ್ಸ್‌ವ್ಯಾಗನ್ ಪೋಲೊ ಇವೆಲ್ಲವುಗಳ ಏರ್‌ಬ್ಯಾಗ್ ರಹಿತ ಮಾದರಿಗಳಿಗೂ ವಯಸ್ಕರ ರಕ್ಷಣೆಯಲ್ಲಿ ಸಿಕ್ಕದ್ದು ಸೊನ್ನೆ. ಪತ್ರಿಕೆಗಳ ತಲೆಬರಹ ಸೊನ್ನೆಯಲ್ಲಿಯೇ ನಿಂತಿತಾದರೂ ವರದಿಯ ಸ್ವಾರಸ್ಯ ಅದರ ಮುಂದಿನ ಸಾಲುಗಳಲ್ಲಿತ್ತು. ಐದಕ್ಕೂ ಸೊನ್ನೆಯೇ ಬಂದಿದ್ದರೂ ಐದೂ ಒಂದೇ ಬಗೆಯ ಕಾರುಗಳಾಗಿರಲಿಲ್ಲ: ಮೊದಲ ಮೂರರ ಗೂಡು ಕುಸಿದಿದ್ದು, ಅವುಗಳಿಗೆ ಏರ್‌ಬ್ಯಾಗ್ ಜೋಡಿಸಿದರೂ ಗಂಭೀರ ಗಾಯಗಳನ್ನು ತಪ್ಪಿಸಲಾಗದೆಂದು ಸಂಸ್ಥೆ ಹೇಳಿತು, ಫಿಗೊ ಮತ್ತು ಪೋಲೊಗಳ ಗೂಡು ಸ್ಥಿರವಾಗಿದ್ದು, ಅಲ್ಲಿ ಕೊರತೆಯಿದ್ದದ್ದು ಏರ್‌ಬ್ಯಾಗಿನದು ಮಾತ್ರ. ಎರಡು ಏರ್‌ಬ್ಯಾಗುಗಳುಳ್ಳ ಪೋಲೊವನ್ನು ಗುದ್ದಿಸಿ ನೋಡಿದಾಗ ಅದಕ್ಕೆ ನಾಲ್ಕು ನಕ್ಷತ್ರ ಬಂತು, ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು ಕಂಪನಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಏರ್‌ಬ್ಯಾಗುಗಳನ್ನು ಎಣಿಸಿ ಕಾರಿನ ಸುರಕ್ಷತೆಯನ್ನು ಅಳೆಯುವ ಈಗಿನ ಚಾಳಿಗೂ ಇದರಲ್ಲಿಯೇ ಉತ್ತರವಿದೆ: 2022ರಲ್ಲಿ ಆರು ಏರ್‌ಬ್ಯಾಗುಗಳಿದ್ದ ಕಿಯಾ ಕ್ಯಾರೆನ್ಸ್‌ಗೆ ಸಿಕ್ಕದ್ದು ಮೂರೇ ನಕ್ಷತ್ರ, ಅದರ ಗೂಡು ಅಸ್ಥಿರವೆಂದು ದಾಖಲಾಗಿತ್ತು. ಗೂಡೇ ಒಳಕ್ಕೆ ನುಗ್ಗಿ ಬಂದರೆ ಉಬ್ಬಿದ ಚೀಲಕ್ಕೆ ನಿಲ್ಲಲು ನೆಲೆಯೇ ಇರುವುದಿಲ್ಲ.

ಭಾರತದಲ್ಲಿ 2014ರ ಹೊತ್ತಿಗೆ ಹೊಸ ಕಾರುಗಳಿಗೆ ಇಂಥ ಡಿಕ್ಕಿ ಪರೀಕ್ಷೆ ಕಡ್ಡಾಯವೇ ಆಗಿರಲಿಲ್ಲ. 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ 56 ಕಿ.ಮೀ. ವೇಗದ ಪರೀಕ್ಷೆಯೂ, 2019ರ ಜುಲೈಯಿಂದ ಚಾಲಕನ ಏರ್‌ಬ್ಯಾಗೂ ಕಡ್ಡಾಯವಾದವು. ಈ 56ಕ್ಕೂ ಗ್ಲೋಬಲ್ ಎನ್‌ಕ್ಯಾಪ್‌ನಂಥ ಸಂಸ್ಥೆಗಳ ಪರೀಕ್ಷೆಯ 64ಕ್ಕೂ ಅಂತರ ಎಂಟೇ ಕಿಲೋಮೀಟರೆಂದು ತೋರಬಹುದು. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಕಾರು ಅರಗಿಸಿಕೊಳ್ಳಬೇಕಾದ ಶಕ್ತಿ ಶೇ. 30ರಷ್ಟು ಹೆಚ್ಚುತ್ತದೆ, ಕಾನೂನು ಕೇಳುವ ಕನಿಷ್ಠಕ್ಕೂ ಗ್ರಾಹಕ ಸಂಸ್ಥೆಗಳು ಕೇಳುವ ಗುಣಮಟ್ಟಕ್ಕೂ ನಡುವೆ ಇರುವ ಅಂತರ ಅದು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾದ ಮೇಲೆ, ಅಲ್ಲಿಯವರೆಗೆ ಮೈಲೇಜನ್ನಷ್ಟೇ ಕೊಚ್ಚಿಕೊಳ್ಳುತ್ತಿದ್ದ ಜಾಹೀರಾತುಗಳಲ್ಲಿ ನಕ್ಷತ್ರಗಳೂ ಮಿನುಗತೊಡಗಿದವು. 2023ರ ಅಕ್ಟೋಬರಿನಿಂದ ಭಾರತದ್ದೇ ಆದ ‘ಭಾರತ್ ಎನ್‌ಕ್ಯಾಪ್’ ಜಾರಿಯಲ್ಲಿದೆ; 64 ಕಿ.ಮೀ. ವೇಗದ ಮುಂಬದಿಯ ಡಿಕ್ಕಿಯ ಜೊತೆಗೆ ಪಕ್ಕದಿಂದ ಗುದ್ದುವ ಪರೀಕ್ಷೆಯೂ, ಹೆಚ್ಚಿನ ನಕ್ಷತ್ರ ಬಯಸುವ ಕಾರುಗಳಿಗೆ ಕಂಬಕ್ಕೆ ಪಕ್ಕೆ ತಾಗಿಸುವ ಪರೀಕ್ಷೆಯೂ ಅದರಲ್ಲಿವೆ.

ಪರೀಕ್ಷೆ ಒಂದು ಸಲ ನಡೆದರೆ ಸಾಕು ಎನ್ನುವಂತಿಲ್ಲ, ಏಕೆಂದರೆ ಪ್ರಶ್ನೆಪತ್ರಿಕೆ ಗೊತ್ತಾದೊಡನೆ ಅಷ್ಟಕ್ಕೇ ಓದಿಕೊಂಡು ಬರುವವರು ಕಾರ್ಖಾನೆಗಳಲ್ಲೂ ಇದ್ದಾರೆ. ಅಮೆರಿಕದ ಅದೇ ವಿಮಾ ಸಂಸ್ಥೆ 2012ರಲ್ಲಿ ಕಾರಿನ ಅಗಲದ ಕಾಲುಭಾಗ ಮಾತ್ರ ತಾಗುವ, ಚಾಲಕನ ಬದಿಯ ಹೊಸ ಪರೀಕ್ಷೆಯನ್ನು ತಂದಾಗ ಅನೇಕ ಐಷಾರಾಮಿ ಕಾರುಗಳೇ ಎಡವಿದವು, ಆನಂತರ ತಯಾರಕರು ತಮ್ಮ ಕಾರುಗಳನ್ನು ಬಲಪಡಿಸಿ ಉತ್ತಮ ಅಂಕ ಪಡೆಯತೊಡಗಿದರು. ಅಷ್ಟಕ್ಕೇ ಸಮಾಧಾನಗೊಳ್ಳದ ಸಂಸ್ಥೆ ಚಾಲಕನ ಬದಿಯಲ್ಲಿ ‘ಉತ್ತಮ’ವೆನಿಸಿದ್ದ ಏಳು ಸಣ್ಣ ಎಸ್‌ಯುವಿಗಳನ್ನು ಆಯ್ದು, ಪಕ್ಕದ ಪ್ರಯಾಣಿಕನ ಬದಿಯಿಂದ ಗುದ್ದಿಸಿ, 2016ರಲ್ಲಿ ಫಲಿತಾಂಶವನ್ನು ಬಯಲಿಗಿಟ್ಟಿತು: ಏಳರಲ್ಲಿ ಒಂದೇ ಒಂದು ಕಾರು ಆ ಬದಿಯಲ್ಲೂ ‘ಉತ್ತಮ’ವೆನಿಸಿಕೊಂಡಿತ್ತು. ಪರೀಕ್ಷೆ ನಡೆಯುವ ಬದಿಗೆ ಹಾಕಿದ್ದ ಉಕ್ಕನ್ನು ಇನ್ನೊಂದು ಬದಿಗೆ ಹಾಕುವ ಮನಸ್ಸು ಕೆಲವರಿಗೆ ಇರಲೇ ಇಲ್ಲ. ಕಾರಿನ ಪರೀಕ್ಷೆಯನ್ನು ಅದನ್ನು ಮಾರುವವರ ಕೈಗೆ ಬಿಡಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ದೊರೆಯುವುದು ಕಷ್ಟ.

ಇಷ್ಟೆಲ್ಲ ಶ್ರಮದಿಂದ ಗಳಿಸಿದ ರಕ್ಷಣೆಯನ್ನು ಕಾರು ಮನೆಗೆ ಬಂದ ಮೊದಲ ವಾರದಲ್ಲಿಯೇ ಕೆಡಿಸಿಕೊಳ್ಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಚಕ್ರದಡಿಯ ಲಿಂಬೆಹಣ್ಣು ಅಪಘಾತವನ್ನು ತಡೆಯಲಾರದಾದರೂ ಅದರಿಂದ ಹಾನಿಯೇನೂ ಇಲ್ಲ. ಆದರೆ ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ, ಏರ್‌ಬ್ಯಾಗ್ ಹೊರಬರುವ ಮುಚ್ಚಳದ ಮೇಲೆಯೇ ಅಂಟಿಸಿದ ಲೋಹದ ಗಣಪತಿ, ಚೀಲ ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಸಿಡಿದು ಬಿಚ್ಚಿಕೊಂಡಾಗ ಪಕ್ಕದಲ್ಲಿ ಕುಳಿತವರ ಮುಖದತ್ತ ಹಾರುವ ಗುಂಡಾಗುತ್ತದೆ. ಬಂಪರಿನ ಮುಂದೆ ಕೂಡಿಸುವ ಉಕ್ಕಿನ ‘ಬುಲ್ ಬಾರ್’ ಮೂತಿ ಕ್ರಮವಾಗಿ ಮುದುಡುವುದಕ್ಕೆ ಅಡ್ಡಿಯಾಗಿ, ಏರ್‌ಬ್ಯಾಗಿಗೆ ಸೂಚನೆ ಕೊಡುವ ಸಂವೇದಕಗಳನ್ನೂ ದಾರಿ ತಪ್ಪಿಸಬಲ್ಲದು. ಕೇಂದ್ರ ಸರ್ಕಾರ 2017ರಲ್ಲಿಯೇ ಅದನ್ನು ನಿಷೇಧಿಸಿದ್ದರೂ ಅಂಗಡಿಗಳಲ್ಲಿ ವ್ಯಾಪಾರ ನಿಂತಿಲ್ಲ. ಬೆಲ್ಟ್ ಹಾಕದಿದ್ದರೂ ಎಚ್ಚರಿಕೆಯ ಸದ್ದು ಬಾರದಂತೆ ತಡೆಯುವ ಪುಟ್ಟ ಕ್ಲಿಪ್ಪುಗಳ ಮಾರಾಟವನ್ನು ನಿಲ್ಲಿಸುವಂತೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಆದೇಶಿಸಬೇಕಾಯಿತು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಬೆಲ್ಟ್ ಧರಿಸದೆ ಸತ್ತವರು 16,715. ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಚಾಲಕರಲ್ಲ, ಪ್ರಯಾಣಿಕರು. ಗೂಡು ಎಷ್ಟೇ ಸ್ಥಿರವಾಗಿದ್ದರೂ, ಅದಕ್ಕೆ ಕಟ್ಟಿಕೊಳ್ಳದ ದೇಹ ಮುಂದಿನ ಸೀಟಿನ ಬೆನ್ನಿಗೋ ಡ್ಯಾಶ್‌ಬೋರ್ಡಿಗೋ ತಾಗುವವರೆಗೂ ಪೂರ್ಣ ವೇಗದಲ್ಲಿಯೇ ಸಾಗುತ್ತಿರುತ್ತದೆ. ಮೂತಿ ಮುದುಡಿ ಒದಗಿಸಿದ ದೂರದ ಲಾಭ ಅದಕ್ಕೆ ದಕ್ಕುವುದಿಲ್ಲ.

ಭಾರತ್ ಎನ್‌ಕ್ಯಾಪ್‌ಗೆ ಕಾರನ್ನು ಒಪ್ಪಿಸುವುದು ಇನ್ನೂ ತಯಾರಕರ ಇಚ್ಛೆಗೆ ಬಿಟ್ಟ ವಿಷಯವಾಗಿರುವುದರಿಂದ, ನಕ್ಷತ್ರವಿಲ್ಲದ ಕಾರಿನ ಗೂಡು ಹೇಗಿದೆಯೆಂದು ಕೊಳ್ಳುವವರಿಗೆ ತಿಳಿಯುವ ದಾರಿಯಿಲ್ಲ. ಹೀಗಿರುವಾಗ ಗ್ರಾಹಕರು ಬಾಗಿಲು ಬಡಿಯುವುದನ್ನು ಬಿಟ್ಟು ಮೂರು ಸಂಗತಿಗಳನ್ನು ಕೇಳುವುದು ಒಳಿತು: ಈ ಮಾದರಿಯ ಪರೀಕ್ಷೆ ಯಾವ ವರ್ಷ, ಯಾವ ನಿಯಮದಡಿ ನಡೆಯಿತು, ಪರೀಕ್ಷೆಗೆ ಒಳಗಾದ ಕಾರಿನಲ್ಲಿದ್ದ ಸುರಕ್ಷಾ ಸಾಧನಗಳೆಲ್ಲ ತಾವು ಕೊಳ್ಳುವ ಅಗ್ಗದ ಆವೃತ್ತಿಯಲ್ಲೂ ಇವೆಯೇ, ವರದಿಯಲ್ಲಿ ಗೂಡನ್ನು ಸ್ಥಿರವೆಂದು ಬರೆದಿದ್ದಾರೆಯೇ. ಸನ್‌ರೂಫ್ ಇದೆಯೇ ಎಂದು ಎಲ್ಲರೂ ಕೇಳತೊಡಗಿದ ಮೇಲೆ ಸಣ್ಣ ಕಾರುಗಳಿಗೂ ಅದು ಬಂದದ್ದನ್ನು ನೋಡಿದರೆ, ಕೇಳುವ ಗ್ರಾಹಕರ ಮಾತಿಗೆ ಕಾರ್ಖಾನೆಗಳು ಎಷ್ಟು ಬೇಗ ಮಣಿಯುತ್ತವೆಂಬುದು ತಿಳಿಯುತ್ತದೆ. ಗೂಡಿನ ವಿಷಯದಲ್ಲಿ ಅವು ನಿಧಾನಿಸಿರುವುದಕ್ಕೆ ಒಂದು ಕಾರಣ, ಅದನ್ನು ಕೇಳಿದವರು ಕಡಿಮೆ ಎಂಬುದೇ.