ಹಳೆಯ ದೋಸೆ ಕಾವಲಿ: ಉಳಿಸುವುದೋ, ಮಾರುವುದೋ, ಬಿಚ್ಚಿ ಹಂಚುವುದೋ?

ಮುಂಬಯಿಯ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಸಮವಾಗುತ್ತಿರುವ ಈ ದಿನಗಳಲ್ಲಿ, ಅವುಗಳ ಕೆಳ ಅಂತಸ್ತಿನಲ್ಲಿದ್ದ ನಮ್ಮವರ ಉಪಾಹಾರಗೃಹಗಳೂ ಬಾಗಿಲು ಹಾಕುತ್ತಿರುವುದು ವಾಚಕರಿಗೆ ಹೊಸ ಸಂಗತಿಯಲ್ಲ. ಕುರ್ಚಿ ಮೇಜುಗಳಿಗೆ ಗಿರಾಕಿಗಳು ಬೇಗನೆ ದೊರೆಯುತ್ತಾರೆ. ಗಲ್ಲಾಪೆಟ್ಟಿಗೆಯನ್ನೂ ಅದರ ಮೇಲಿನ ದೇವರ ಪಟವನ್ನೂ ಯಜಮಾನರು ಮನೆಗೆ ಒಯ್ಯುತ್ತಾರೆ. ಅಡುಗೆಮನೆಯಲ್ಲಿ ಕಟ್ಟಕಡೆಗೆ ಉಳಿಯುವುದು ದೋಸೆಯ ದೊಡ್ಡ ಕಾವಲಿ. ನಾಲ್ಕು ಮಂದಿ ಸೇರಿ ಎತ್ತಿದರೂ ಬೆವರಿಳಿಸುವ ಈ ವಸ್ತುವಿನ ಗತಿಯೇನು?

ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ಮೂವತ್ತು ವರ್ಷ ಒಂದೇ ಕಾವಲಿಯ ಮುಂದೆ ನಿಂತ ಭಟ್ಟರೊಬ್ಬರು. ಹೊಟೇಲು ಮುಚ್ಚುವಾಗ ಯಜಮಾನರು, “ಭಟ್ರೇ, ಕಾವಲಿ ನೀವೇ ಇಟ್ಟುಕೊಳ್ಳಿ, ಲೆಕ್ಕದಲ್ಲಿ ಸರಿಮಾಡಿಕೊಳ್ಳುವ” ಎಂದರಂತೆ. ಕುಂದಾಪುರದ ಕಡೆ ರಸ್ತೆಬದಿಯಲ್ಲಿ ಸಣ್ಣದೊಂದು ಅಂಗಡಿ ಇಡಬೇಕೆಂಬ ಆಸೆ ಭಟ್ಟರಿಗೂ ಉಂಟು. “ಯೋಚಿಸಿ ಹೇಳುತ್ತೇನೆ, ಧನಿಗಳೇ” ಎಂದು ಬಂದವರು ನಮ್ಮ ಅಭಿಪ್ರಾಯ ಕೇಳಿದರು.

ಕಾವಲಿಯ ಮಾತಿಗೆ ಮೊದಲು “ಲೆಕ್ಕ” ಎಂಬ ಮಾತನ್ನೇ ನೋಡತಕ್ಕದ್ದು. ಹತ್ತು ಮಂದಿಯಾದರೂ ದುಡಿಯುವ ಹೊಟೇಲಿನಲ್ಲಿ ಐದು ವರ್ಷ ಪೂರೈಸಿದವರಿಗೆ, ವರ್ಷವೊಂದಕ್ಕೆ ಹದಿನೈದು ದಿನಗಳ ಸಂಬಳದಂತೆ ಗ್ರಾಚ್ಯುಯಿಟಿ ಸಲ್ಲಬೇಕೆಂಬುದು 1972ರ ಕಾಯಿದೆಯಿಂದ ಬಂದ ಹಕ್ಕು. ಮೂವತ್ತು ವರ್ಷಕ್ಕೆ 450 ದಿನಗಳ ಸಂಬಳವಾಯಿತು. ತಿಂಗಳಿಗೆ 26 ದಿನಗಳಂತೆ ಹಿಡಿದರೆ ಹದಿನೇಳು ತಿಂಗಳಿಗೂ ಮಿಕ್ಕಿತು. ಇದಕ್ಕೂ ಕಾವಲಿಗೂ ಸಂಬಂಧವಿಲ್ಲ. ಹಣ ಹಣವಾಗಿಯೇ ಕೈಸೇರಲಿ. ಬಳಿಕ ಕಾವಲಿ ಬೇಕೆನಿಸಿದರೆ ಬೆಲೆ ಕೊಟ್ಟು ಕೊಳ್ಳಬಹುದು. ಯಜಮಾನರು ಪ್ರೀತಿಯಿಂದ ಹಾಗೆಯೇ ಕೊಟ್ಟರೆ ಅದು ಬೇರೆ ಮಾತು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನಮಗಂತೂ ಒಪ್ಪಿಗೆಯಿಲ್ಲ.

ಇನ್ನು ಕಾವಲಿಯ ಪರೀಕ್ಷೆ. ಅದು ಬೀಡೋ ಉಕ್ಕೋ ಎಂಬುದನ್ನು ಮೊದಲು ತಿಳಿಯಬೇಕು, ಏಕೆಂದರೆ ಮುಂದಿನ ನಿರ್ಧಾರವೆಲ್ಲ ಇದನ್ನೇ ಅವಲಂಬಿಸಿದೆ. ಅಂಚಿನಲ್ಲಿ ಬೈರಿಗೆಯಿಂದ ಸಣ್ಣ ತೂತು ಕೊರೆಯಿಸಿದರೆ ಬೀಡು ಪುಡಿಪುಡಿಯಾಗಿ ಉದುರುತ್ತದೆ; ಉಕ್ಕು ಸುರುಳಿಯಾಗಿ ಬರುತ್ತದೆ. ಸಾಣೆಯ ಚಕ್ರಕ್ಕೆ ಹಿಡಿದರೆ ಬೀಡಿನ ಕಿಡಿ ಕೆಂಪಾಗಿ, ಗಿಡ್ಡಗೆ ಹಾರುತ್ತದೆ. ಉಕ್ಕಿನ ಕಿಡಿ ಉದ್ದವಾಗಿ, ಹುಲ್ಲಿನ ಬಣ್ಣದಲ್ಲಿ ಹಾರುತ್ತದೆ. ಬೀಡಿನಲ್ಲಿ ಇಂಗಾಲ ನೂರಕ್ಕೆ ಎರಡರಿಂದ ನಾಲ್ಕು ಪಾಲಿನಷ್ಟಿರುವುದರಿಂದ ಅದು ಬಾಗುವುದಿಲ್ಲ, ಸೀಳುತ್ತದೆ. ಮೆತು ಉಕ್ಕಿನಲ್ಲಿ ಇಂಗಾಲ ಕಾಲು ಪಾಲಿಗಿಂತಲೂ ಕಡಿಮೆಯಾದುದರಿಂದ ಅದು ಸೀಳುವುದಿಲ್ಲ, ಸೊಟ್ಟಗಾಗುತ್ತದೆ.

ಬೀಡಿನ ಕಾವಲಿಯಲ್ಲಿ ಬಿರುಕಿದೆಯೇ ಎಂದು ನೋಡಲು ಹಳೆಯ ಉಪಾಯವೊಂದುಂಟು. ಜಿಡ್ಡನ್ನು ತೆಗೆದು, ತಣ್ಣಗಿರುವಾಗಲೇ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಹಚ್ಚಬೇಕು. ಬಿರುಕಿನೊಳಗೆ ಇಳಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ತೇವದ ಗೆರೆ ಎಳೆಯುತ್ತದೆ. ಗೆರೆ ಅಂಚಿನಲ್ಲಿಯೇ ನಿಂತಿದ್ದರೆ ಅದರ ತುದಿಯಲ್ಲಿ ತೂತು ಕೊರೆಯಿಸಿ ಮುಂದುವರಿಯದಂತೆ ತಡೆಯಬಹುದು. ನಡುವೆ ಉರಿಯ ಮೇಲೆಯೇ ಬಂದಿದ್ದರೆ ಆಸೆ ಬಿಡುವುದು ಲೇಸು. ನಿಕ್ಕಲಿನ ಕಡ್ಡಿಯಿಂದ ಬೆಸುಗೆ ಹಾಕುವವರು ಇದ್ದಾರೆ. ಆದರೆ ದಿನವೂ ಕಾದು ಆರುವ ವಸ್ತುವಿನಲ್ಲಿ ಆ ಬೆಸುಗೆಯ ಪಕ್ಕದಲ್ಲಿಯೇ ಮತ್ತೆ ಸೀಳು ಬರುವ ಸಂಭವ ಹೆಚ್ಚು. ಉಕ್ಕಿನದಾದರೆ ನೇರವಾದ ಪಟ್ಟಿಯೊಂದನ್ನು ಅಡ್ಡಲಾಗಿ ಇಟ್ಟು, ಕೆಳಗೆ ಬೆಳಕು ಎಷ್ಟು ನುಸುಳುತ್ತದೆಂದು ನೋಡಿದರೆ ತಗ್ಗು ತಿಳಿಯುತ್ತದೆ. ಎಣ್ಣೆಯೆಲ್ಲ ನಡುವೆ ಕೂಡುವ ಕಾವಲಿಯಲ್ಲಿ ದೋಸೆ ಹೇಗೆ ಆಗುತ್ತದೆಂದು ಭಟ್ಟರಿಗೆ ನಾವು ಹೇಳಬೇಕಾಗಿಲ್ಲ. ದಪ್ಪ ಸಾಕಷ್ಟಿದ್ದರೆ ಯಂತ್ರದಂಗಡಿಯಲ್ಲಿ ಮೇಲ್ಮೈಯನ್ನು ಹೆರೆಯಿಸಿ ಸಮ ಮಾಡಿಸಬಹುದು.

ದಪ್ಪವೇ ಹಳೆಯ ಕಾವಲಿಯ ಆಸ್ತಿ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಮುಕ್ಕಾಲು ಇಂಚು ದಪ್ಪದ ಉಕ್ಕಿನ ಕಾವಲಿ ಸುಮಾರು 111 ಕಿಲೋ ತೂಗುತ್ತದೆ, ಬೀಡಿನದು 102. ಹಿಟ್ಟು ಹೊಯ್ದಾಗ ಅದರ ನೀರು ಆವಿಯಾಗಲು ಬೇಕಾದ ಶಾಖವನ್ನು ಕೊಡುವುದು ಈ ತೂಕವೇ. ಕಾಲು ಭಾಗ ದಪ್ಪದ ತಗಡಿನಲ್ಲಿ ಕಾಲು ಭಾಗ ಶಾಖ ಮಾತ್ರ ನಿಲ್ಲುವುದರಿಂದ ಬೆಳಗಿನ ಗದ್ದಲದಲ್ಲಿ ಒಮ್ಮೆಗೆ ಆರು ದೋಸೆ ಹೊಯ್ದರೆ ಅದು ತಣಿದುಬಿಡುತ್ತದೆ, ಗಿರಾಕಿ ಮಾಣಿಯನ್ನು ಗದರುತ್ತಾನೆ. ಮೇಲಿನ ಕಪ್ಪು ಪದರಕ್ಕೆ ಹೆದರಿ ಬೆಲೆ ಇಳಿಸುವವರ ಮಾತು ಕೇಳಬಾರದು. ಎಣ್ಣೆ ಕಾದು ಗಟ್ಟಿಯಾಗಿ ಕೂತ ಆ ಪದರದಿಂದಲೇ ಕಾವಲಿ ಪಳಗಿರುವುದು. ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ; ಉಜ್ಜಿ ತೆಗೆದು ಮತ್ತೆ ಪಳಗಿಸಬಹುದು.

ಕಾವಲಿಯ ಕೆಳಗಿನ ಸಾಮಗ್ರಿಯ ವಿಷಯದಲ್ಲಿ ನಾವು ಇಷ್ಟು ಉದಾರಿಗಳಲ್ಲ. ಕಲ್ಲಿದ್ದಲಿನ ಒಲೆಯ ಮೇಲೆ ಕುಳಿತ ಹಳೆಯ ಚೌಕಟ್ಟಿಗೆ ಮುಂಬಯಿಯಲ್ಲಿ ಇನ್ನು ನೆಲೆಯಿಲ್ಲವೆಂದೇ ಹೇಳಬೇಕು: ಕಲ್ಲಿದ್ದಲು, ಕಟ್ಟಿಗೆ ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಇಂಧನ ಬದಲಾಯಿಸಬೇಕೆಂದು ಹೈಕೋರ್ಟು 2025ರ ಜನವರಿಯಲ್ಲಿ ವಿಧಿಸಿತು, ಆ ಬಳಿಕ ನಗರಪಾಲಿಕೆಯ ನೋಟೀಸುಗಳು ಹೊಟೇಲುಗಳಿಗೂ ಬಂದವು. ಗ್ಯಾಸಿನ ಬರ್ನರುಗಳಾದರೆ ಯಾವ ಗ್ಯಾಸಿಗೆ ಮಾಡಿದವೆಂದು ವಿಚಾರಿಸಬೇಕು. ಹಿಂದೆ ಮುಂಬಯಿಯಲ್ಲಿ ಕೊಳವೆಯಿಂದ ಬರುತ್ತಿದ್ದ ಕಲ್ಲಿದ್ದಲಿನ ಅನಿಲದಲ್ಲಿ, ಅಳತೆಗೆ ಅಳತೆ ನೋಡಿದರೆ, ಸಿಲಿಂಡರಿನ ಅನಿಲದ ಐದನೆಯ ಒಂದು ಪಾಲಿನಷ್ಟು ಶಾಖ ಮಾತ್ರ ಇತ್ತು. ಆದಕಾರಣ ಆ ಬರ್ನರುಗಳ ರಂಧ್ರ ದೊಡ್ಡದು. ಅಂಥದಕ್ಕೆ ಸಿಲಿಂಡರು ಜೋಡಿಸಿದರೆ ಉರಿ ಮುಖಕ್ಕೆ ಏಳುತ್ತದೆ. ಹಳೆಯ ಹಿತ್ತಾಳೆಯ ಕೀಲಿಗಳು ಸವೆದು ಸೋರುತ್ತವೆ. ಅವನ್ನು ಮತ್ತೆ ಬಳಸುವುದು ಬೇಡವೇ ಬೇಡ. ಗುಜರಿಗೆ ಹಾಕುವಾಗ ಮಾತ್ರ ಅವನ್ನು ಬಿಚ್ಚಿ ಪ್ರತ್ಯೇಕವಾಗಿ ತೂಗಿಸಬೇಕು. ಕಬ್ಬಿಣದ ರಾಶಿಯೊಡನೆ ಹೋದರೆ ಹಿತ್ತಾಳೆಗೂ ಕಬ್ಬಿಣದ ದರವೇ.

ಇಡಿಯಾಗಿ ಮಾರುವವರು ಚೋರ್ ಬಜಾರನ್ನು ನಂಬಬಾರದೆಂದು ನಮ್ಮ ಅನಿಸಿಕೆ. ಹಿತ್ತಾಳೆಯ ಕಾಫಿ ಬಾಯ್ಲರನ್ನು ಶ್ರೀಮಂತರ ದಿವಾನಖಾನೆಗೆ ಅಲಂಕಾರವೆಂದು ಕೊಳ್ಳುವವರಿದ್ದಾರೆ. ಚಪ್ಪಟೆ ಕಬ್ಬಿಣದ ಹಲಗೆಯನ್ನು ಗೋಡೆಗೆ ತೂಗಹಾಕುವವರಿಲ್ಲ. ಕಾವಲಿಗೆ ಗಿರಾಕಿ ಇನ್ನೊಬ್ಬ ಹೊಟೇಲಿನವನೇ. ಆ ದಿನದ ಗುಜರಿ ದರದಿಂದ ತೂಕವನ್ನು ಗುಣಿಸಿದರೆ ಬಂದದ್ದು ಕೆಳಗಿನ ಬೆಲೆ. ಅಷ್ಟೇ ದಪ್ಪದ ಹೊಸ ಕಾವಲಿಯ ಬೆಲೆಯಿಂದ ರಿಪೇರಿಯ ಖರ್ಚನ್ನು ಕಳೆದರೆ ಉಳಿದದ್ದು ಮೇಲಿನ ಬೆಲೆ. ಮಾತುಕತೆ ಈ ಎರಡರ ನಡುವೆ ನಡೆಯಲಿ.

ನಮ್ಮ ಭಟ್ಟರ ಕಾವಲಿಯನ್ನು ಕೊರೆದಾಗ ಸುರುಳಿ ಬಂತು, ಅಂದರೆ ಉಕ್ಕು. ಉಕ್ಕನ್ನು ಕತ್ತರಿಸಬಹುದು, ಬೀಡಾಗಿದ್ದರೆ ಈ ದಾರಿ ಇಷ್ಟು ಸುಲಭವಾಗಿರುತ್ತಿರಲಿಲ್ಲ. ಸಣ್ಣ ಅಂಗಡಿಗೆ ಎರಡು ಅಡಿ ಚೌಕದ ಅರ್ಧ ಸಾಕು, ತೂಕ 56 ಕಿಲೋದೊಳಗೆ. ಅರ್ಧವನ್ನು ಅವರು ಕೊಂಡರು. ಇನ್ನರ್ಧವನ್ನು, ಚೌಕಟ್ಟನ್ನು, ಹಿತ್ತಾಳೆಯನ್ನು ಯಜಮಾನರು ಬೇರೆ ಬೇರೆಯಾಗಿ ಮಾರಿದರು. ಗ್ರಾಚ್ಯುಯಿಟಿಯ ಮಾತು ಪ್ರತ್ಯೇಕವಾಗಿ ನಡೆದಿದೆ. ಕಾವಲಿ ಕೊಂಕಣ ರೈಲಿನಲ್ಲಿ ಪಾರ್ಸಲಾಗಿ ಹೋಗಲಿದೆ. ಕತ್ತರಿಸಿದ ಅಂಚು ಸಟ್ಟುಗಕ್ಕೆ ತಾಗದಂತೆ ಅರದಿಂದ ಉಜ್ಜಿಸಿ, ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಕಳುಹಿಸಿರೆಂದು ಹೇಳಿದ್ದೇವೆ. ಕರಾವಳಿಯ ಮಳೆಗಾಲ ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ.